ತಣ್ಣೀರುಬಾವಿಯಲ್ಲಿ ಅರ್ಕಾದಿ

ಪೊಟ್ಯಾಷ್ ಹೊತ್ತ ಹಡಗು ಪಣಂಬೂರಿನಲ್ಲಿ
ಒಂಬತ್ತು ದಿನ ನಿಂತ ವರ್ಷ,
ಟ್ಯಾಲಿ ಬರೆಯುತ್ತಿದ್ದ ನಮ್ಮ ಮಾವ
ಕೆಂಪು ಕಿವಿಯ ಮನುಷ್ಯನೊಬ್ಬನನ್ನು
ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಂದ.
ಹೆಸರು ಅರ್ಕಾದಿ.
"ಅರ್ಕವೇ?" ಎಂದಳು ಸೇಸಕ್ಕ,
"ಹೆಸರಿಗೆ ತಕ್ಕ ಮನೆಗೇ ಬಂದಿದ್ದಾನೆ, ಕೂರಲಿ."

ಸೇಸಕ್ಕ ನನ್ನ ದೊಡ್ಡಮ್ಮ.
ಗಾಳಿಮರದ ಹಿಂದಿನ ಕೊಟ್ಟಿಗೆಯಲ್ಲಿ
ಒಂದರ ಮೇಲೊಂದು ಮೂರು ಮಡಕೆ;
ಮೇಲಿನದರಲ್ಲಿ ತಣ್ಣೀರು,
ಅದು ಕೈ ಸುಡುವಷ್ಟಾದರೆ ಚೆಲ್ಲಿ ಮತ್ತೆ ತಣ್ಣೀರು.
ಎಷ್ಟನೆಯ ನೀರೆಂದು
ಗೋಡೆಗೆ ಮಸಿಯಲ್ಲಿ ಗೀಟೆಳೆಯುವುದು ನನ್ನ ಕೆಲಸ.
ಪೊಲೀಸ್ ಜೀಪಿಗೆ ಕಿವಿ ಕೊಡುವುದೂ ನನ್ನದೇ.

ಅವನು ಕೋಟಿನೊಳಗಿಂದ ಬಾಟಲಿ ತೆಗೆದ.
ಅವಳು ಮೂಸಿದಳು. ಇನ್ನೊಮ್ಮೆ ಮೂಸಿದಳು.
ಚಮಚಕ್ಕೆ ಸುರಿದು ಕಡ್ಡಿ ಗೀರಿದಳು:
ನೀಲಿ ಉರಿ, ಹೊಗೆಯಿಲ್ಲ, ತಳದಲ್ಲಿ ಪಸೆಯಿಲ್ಲ.
"ಕೆಲಸ ಚೊಕ್ಕ. ಆದರೆ ಇದಕ್ಕೆ ತಾಯಿ ಎಲ್ಲಿ?
ತೆಂಗೋ ಬೆಲ್ಲವೋ ಗೇರುಹಣ್ಣೋ,
ಹೆತ್ತದ್ದರ ವಾಸನೆ ಬೇಡವೇ ಮಗುವಿಗೆ?"

ಮಾವನ ಬಂದರು ಇಂಗ್ಲಿಷಿನಲ್ಲಿ ಇದು
ಹೇಗೆ ದಾಟಿತೋ. ಅರ್ಕಾದಿ ನಕ್ಕ.
ವಾಸನೆ ಕಳೆಯುವುದೇ ನಮ್ಮ ವಿದ್ಯೆ, ಎಂದ.
ಹೊಟ್ಟೆಗಿಲ್ಲದ ಚಳಿಗಾಲದಲ್ಲೂ ಅವನ ಅಜ್ಜಿ
ರೈ ಕಾಳು ಮುಚ್ಚಿಟ್ಟು, ಮೊಳಕೆ ಬರಿಸಿ,
ಸ್ನಾನದ ಗುಡಿಸಲಲ್ಲಿ ಭಟ್ಟಿ ಇಳಿಸುತ್ತಿದ್ದಳಂತೆ;
ಮೊದಲು ಬಂದದ್ದು ಮಂಡಿನೋವಿಗೆ,
ಕೊನೆಗೆ ಬಂದದ್ದು ಮತ್ತೆ ಹಂಡೆಗೆ,
ನಡುವಿನದಷ್ಟೇ ನೆಂಟರಿಗೆ.
ಅದನ್ನೂ ಬಿಳಿತೊಗಟೆಯ ಬರ್ಚ್ ಮರದ ಇದ್ದಿಲಲ್ಲಿ
ಹನಿಹನಿಯಾಗಿ ಸೋಸಿ, ರಾತ್ರಿ ಹಿಮಕ್ಕಿಟ್ಟು...
"ಕಪ್ಪಿನೊಳಗೆ ಹೋಗಿ ಬೆಳ್ಳಗೆ ಬರಬೇಕು."
ಈಗ ಅಲ್ಲೂ ಸರಕಾರ ಬಿಗಿಯಂತೆ;
ಅಜ್ಜಿ ಇದ್ದಿದ್ದರೆ ಅವಳ ಬಾಗಿಲಿಗೂ ಜೀಪು.

ಸೇಸಕ್ಕ ಎದ್ದಳು. ಇಸ್ತ್ರಿಪೆಟ್ಟಿಗೆಯ
ಗೆರಟೆ ಇದ್ದಿಲು ತೊಳೆದು, ಜಜ್ಜಿ,
ಹಳೆ ಮುಂಡಿನಲ್ಲಿ ಕಟ್ಟಿ ನಮ್ಮದನ್ನು ಸೋಸಿದಳು.
ತಿಳಿಯಾಗಿಯೇ ಇಳಿಯಿತು. ನೆಕ್ಕಿ ಮುಖ ಕಿವಿಚಿದಳು:
"ಜುಟ್ಟು ಬೋಳಿಸಿದ ಹಾಗಾಯಿತು, ಪಾಪ."

ವೋದಾ ಎಂದರೆ ನೀರಂತೆ,
ವೋದ್ಕಾ ಅದರ ಮುದ್ದಿನ ಹೆಸರು, ಪುಟ್ಟನೀರು.
"ನಮ್ಮಲ್ಲಿ ಗಂಗಸರ," ಎಂದಳು ಅವಳು.
ನೀರೆಂದು ಹೆಸರಿಟ್ಟು
ಯಾರ ಕಣ್ಣು ತಪ್ಪಿಸುತ್ತಿದ್ದರೋ
ಎರಡೂ ಕಡೆಯ ಹಿರಿಯರು.

ಕತ್ತಲಾಗುವಾಗ ಮೂರು ಲೋಟವಿತ್ತು.
ಅವನು ನಾಲ್ಕನೆಯದು ಕೇಳಿ, ತುಂಬಿಸಿ, ಪಕ್ಕಕ್ಕಿಟ್ಟ.
ಮುಚ್ಚಲು ರೊಟ್ಟಿ ಬೇಕೆಂದ, ಕಪ್ಪು ರೊಟ್ಟಿ.
ಇದ್ದದ್ದು ಬೆಳಗಿನ ನೀರುದೋಸೆ.
ಅದನ್ನೇ ನಾಲ್ಕು ಮಡಿಚಿ ಲೋಟದ ಬಾಯಿಗಿಟ್ಟ.
ಯಾರಿಗೆ ಎಂದು ಮಾವ ಬಾಯಿ ತೆರೆದ;
ಸೇಸಕ್ಕ ಅವನ ಕೈ ಒತ್ತಿದಳು.
"ಸುಮ್ಮನಿರು. ಅಗೆಲು ಹಾಕುತ್ತಿದ್ದಾನೆ."
ನನಗೆ: "ಆ ಲೋಟ ದಾಟಬೇಡ."

ಈಗ ಹೆದ್ದಾರಿಯ ಅಂಗಡಿಯಲ್ಲಿ
ಅದೇ ಹೆಸರಿನವು ಹದಿನಾಲ್ಕು ಬಾಟಲಿ,
ಹಸಿರು ಸೇಬಿನ ವಾಸನೆಯದ್ದೂ ಇದೆ.
ಸಾರಾಯಿ ಇಲ್ಲ. ಮಡಕೆ ಇಲ್ಲ. ಸೇಸಕ್ಕ ಇಲ್ಲ.
ಅವಳ ಅಗೆಲಿಗೆ ಕೋಳಿ, ರೊಟ್ಟಿ, ಹುರಿದ ಬಂಗುಡೆ
ಎಲೆಗೆ ಬಂದ ಮೇಲೆ
ನಾನು ತಂದದ್ದನ್ನು ಲೋಟಕ್ಕೆ ಬಗ್ಗಿಸಿದೆ,
ನೀರುದೋಸೆ ಮಡಿಚಿ ಮುಚ್ಚಿದೆ.
ತಾಯಿಯಿಲ್ಲದ್ದು, ಬೈಯಬೇಡ, ಎಂದೆ.
ಬಾಗಿಲೆಳೆದುಕೊಂಡು ಎಲ್ಲರೂ ಹೊರಗೆ ಕೂತೆವು.

ತೆರೆದಾಗ ಎರಡು ಬೆರಳು ಇಳಿದಿತ್ತು.
ಸೆಖೆಯೋ, ಬೆಕ್ಕೋ, ನಮ್ಮ ಭಾವನೋ.
ದೋಸೆಯ ಮೇಲೊಂದು ಮಸಿಗೀಟು.
ಕಾವಲಿಯದ್ದೇ ಇರಬೇಕು.