ಸರ್ವಿಸು ನಮ್ಮದೈತಿ

ಹಟ್ಟಿಯಾಗ ಮೊದಲು ಆಟಕ್ಕ ಗಡಿಯಾರ ಇರಲಿಲ್ಲಂತ.
ಚಿಣಿಪಣಿ ಶುರುವಾದರ
ಚಿಣಿ ಕಾಣದಷ್ಟು ಕತ್ತಲಾದಾಗ ಮುಗಿಯೋದು,
ಇಲ್ಲಾ ಯಾರದೋ ಅವ್ವ ಬಾರಕೋಲು ಹಿಡಿದು ಬಂದಾಗ.
ಗೆದ್ದವರ ಹೆಸರು ಮರುದಿನಕ್ಕ ಉಳೀತಿರಲಿಲ್ಲ.

ಆಮ್ಯಾಲೆ ಭೋಂಗಾ ಬಂತು.
ಆರಕ್ಕೊಮ್ಮೆ, ಎರಡಕ್ಕೊಮ್ಮೆ, ರಾತ್ರಿ ಹತ್ತಕ್ಕೊಮ್ಮೆ.
ಹುಂಜಗಳು ಗೊಂದಲಕ್ಕ ಬಿದ್ದವು.
ರೊಟ್ಟಿ ಬಡಿಯೋ ಹೊತ್ತನ್ನೂ ಅದೇ ಹೇಳಾಕ ಹತ್ತಿತು.
ಮತ್ತ ವಾರಕ್ಕೊಂದು ದಿನ
ಕೈಯಾಗ ಏನು ಹಿಡೀಬೇಕೋ ತಿಳೀದಂಥ ದಿನ
ಪುಕ್ಕಟೆ ಸಿಕ್ಕಿತು.
ಮೊದಲ ರವಿವಾರಗಳು ಶೆರೆಯಂಗಡಿಗೆ ಹೋದವು.
ಸೋಮವಾರದ ಹಾಜರಿ ಇಳಿದದ್ದು ನೋಡಿ
ಕಂಪನಿಯವರು ಒಂದು ಬಲೆ ಕೊಟ್ಟರು, ಒಂದು ಚೆಂಡು, ಒಂದು ಸೀಟಿ.
ಸಹಿ ತಗೊಂಡೇ ಕೊಟ್ಟರು:
ಬೂಟು, ಟೋಪಿ, ಬಲೆ,
ರಜಿಸ್ಟರಿನ ಒಂದೇ ಪುಟದಾಗ.

ಕಲ್ಲು ಅರೆದು, ಬಂಗಾರ ಹಿಂಡಿ, ಚೆಲ್ಲಿದ ಬೂದಿಬಣ್ಣದ ಪುಡಿ
ಊರ ಹಿಂದ ಗುಡ್ಡವಾಗಿ ಬಿದ್ದಿತ್ತಲ್ಲ,
ಅದರ ಬುಡವನ್ನೇ ಸಪಾಟು ಮಾಡಿ ಸುಣ್ಣದ ಗೆರೆ ಎಳೆದರು.
ಬಿದ್ದರ ಮೊಣಕಾಲು ತರಚುತ್ತಿರಲಿಲ್ಲ.
ಎದ್ದ ಮ್ಯಾಲೆ ಕೆಮ್ಮು ಬರೋದು.

ಅಲ್ಲೀತನಕ ಆಟ ಓಣಿ ಓಣಿದು.
ಮ್ಯಾಲಿನ ಓಣಿಯವರು ಆಡುವಾಗ ಕೆಳಗಿನ ಕೇರಿಯ ಹುಡುಗರು
ಬೇಲಿ ದಾಟಿದ ಚಿಣಿ ಹುಡುಕಿ ದೂರದಿಂದ ಒಗೆಯೋರು, ಅಷ್ಟೆ.
ಈಗ ಟೀಮು ಅಂದರ ಶಿಫ್ಟು.
ಬೆಳಗಿನವರು, ಮಧ್ಯಾಹ್ನದವರು,
ಯಾವಾಗಲೂ ತೂಕಡಿಸೋ ರಾತ್ರಿಯವರು.
ಟೈಮ್ ಆಫೀಸಿನ ಗುಮಾಸ್ತ ಹೆಸರು ಬರೆದ ಹಾಂಗ:
ಅಮರೇಗೌಡ, ದುರಗಪ್ಪ, ಜಿಲಾನಿ, ಯಂಕೋಬ,
ಶಿಲುಬೆ ಓಣಿಯ ಸೈಮನ್ನ, ನಮ್ಮಪ್ಪ ತಾಯಪ್ಪ.
ದುರಗಪ್ಪ ಎತ್ತಿಕೊಟ್ಟ ಚೆಂಡು ಅಮರೇಗೌಡ ಹೊಡೀಬೇಕು.
ಮುಟ್ಟಲೋ ಬ್ಯಾಡೋ ಅಂತ ಯೋಚಿಸಾಕ
ಚೆಂಡು ಗಾಳಿಯಾಗ ಕಾಯ್ಕೊಂಡು ನಿಂದ್ರೂದಿಲ್ಲ.
ನೀರಿನ ಕೊಡ ಮಾತ್ರ ಎರಡು ವರ್ಷ ಎರಡಿದ್ದವು.
ಮೂರನೇ ಬ್ಯಾಸಿಗಿಗೆ ಒಂದು ಒಡೀತು.
ಯಾವುದು, ಯಾರು ಒಡೆದರು,
ಅಪ್ಪ ಹೇಳೂದಿಲ್ಲ. ನಗತಾನ.

ಆ ಸಲದ ಫೈನಲ್ಲು ರವಿವಾರ.
ರವಿವಾರವೂ ನೀರು ಮ್ಯಾಲೆತ್ತಾಕ ಪಂಪಿನ ಹತ್ತಿರ ಮಂದಿ ಬೇಕು.
ಪಾಳಿ ಜಿಲಾನಿದು.
ಜಿಲಾನಿ ನೆಗೆದರ ಬಲೆಯ ಮ್ಯಾಲೆ ಎದೆಗುಂಡಿ ಕಾಣೋದು,
ಅವನನ್ನ ಬಿಟ್ಟು ಫೈನಲ್ಲು ಹ್ಯಾಂಗ?
ಅವನ ಹಿತ್ತಾಳಿ ಬಿಲ್ಲೆ ಕಿಸೆಗೆ ಇಳಿಬಿಟ್ಟು
"ನೀ ಆಡು" ಅಂದು
ಅಪ್ಪ ಪಂಜರ ಹತ್ತಿದ.

ಹೊತ್ತಲ್ಲದ ಹೊತ್ತಿಗೆ ಭೋಂಗಾ ಕೂಗಿತು. ನಿಲ್ಲಿಸದ ಕೂಗಿತು.
ಮೈದಾನ ಖಾಲಿ.
ಬಲೆಯೊಂದೇ ಅಲ್ಲಾಡುತ್ತಿತ್ತು ಅಂತ ಅವ್ವ ಅಂತಾಳ,
ಅವಳೂ ಓಡಿದ್ದಳು, ಬಲೆ ಯಾವಾಗ ನೋಡಿದಳೋ.
ರಜಿಸ್ಟರಿನ ಪ್ರಕಾರ ಕೆಳಗ ಸಿಕ್ಕವ ಜಿಲಾನಿ.
ಆ ಜಿಲಾನಿ ಬಗಲಾಗ ಚೆಂಡು ಅವಚಿಕೊಂಡು
ಶಾಫ್ಟಿನ ಬಾಯಾಗ ನಿಂತಿದ್ದ.
ನಾಕು ತಾಸು.
ಅಪ್ಪ ಮ್ಯಾಲೆ ಬಂದ. ಬಲಗೈ ಅಂಗಿಯಾಗ ಸುತ್ತಿತ್ತು.
ಬಂದವನೇ "ಎಷ್ಟಾತು?" ಅಂದ.
"ಹದಿಮೂರು ಹನ್ನೊಂದು.
ಸರ್ವಿಸು ನಮ್ಮದೈತಿ" ಅಂದು ಜಿಲಾನಿ ಕುಂತುಬಿಟ್ಟ.

ಆ ಆಟ ಮತ್ತ ಮುಂದುವರೀಲಿಲ್ಲ.
ಕ್ಲಬ್ಬಿನ ಕಪಾಟಿನಾಗ ಹೆಸರಿಲ್ಲದ ಕಪ್ಪು ಕೂತೈತಿ, ಒಳಗ ಜೇಡ.
ಅಪ್ಪ ಎಡಗೈಲೆ ಸೀಮೆಸುಣ್ಣ ಹಿಡಿಯೋದು ಕಲಿತ.
ಎರಡು ಬೆರಳಿನ ಬಲಗೈಯಾಗ ಸೀಟಿ.
ನಿವೃತ್ತಿ ಕಾಗದದಾಗ ಬರೆದಾರ:
ಸರ್ವಿಸು ಮೂವತ್ತೊಂದು ವರ್ಷ.

ಮೊನ್ನೆ ಜೆಸಿಬಿ ಬಂತು.
ಆ ಪುಡಿಯಾಗ ಇನ್ನೂ ಚೂರುಪಾರು ಬಂಗಾರ ಉಳಿದೈತಂತ,
ಮತ್ತೊಮ್ಮೆ ಅರೀತಾರಂತ,
ಗುಡ್ಡ, ಮೈದಾನ, ಗೆರೆ ಸಮೇತ.
ನಾ ಹೋಗೂದರಾಗ ಅಪ್ಪ ಅಲ್ಲಿದ್ದ.
ಹಿಂದಿನ ಗೆರೆ ಎಲ್ಲಿತ್ತೋ ಅಲ್ಲೇ, ಅಳತಿ ತಪ್ಪದ ಹಾಂಗ ನಿಂತು,
ಎಡಗೈ ಮ್ಯಾಲೆತ್ತಿ
ಆ ಎಳೇ ಡ್ರೈವರನಿಗೆ ಹೇಳುತ್ತಿದ್ದ,
"ತಡಿಯೋ ತಮ್ಮಾ,
ಸರ್ವಿಸು ನಮ್ಮದೈತಿ."