ಮೂವತ್ತೆರಡು ಪೌಂಡು

ನಲವತ್ತೈದರದ್ದು ಕೊಡು ಎಂದೆ.
ಇದ್ವಾಲ್ ನನ್ನ ಭುಜ ನೋಡಿದ,
ಬಾಲಾದಿಂದ ಬೆಟ್ಟ ಹತ್ತಿಸಿ ಇಳಿಸಿ
ಮೂವತ್ತು ವರ್ಷ ಬಸ್ಸು ತಿರುಗಿಸಿದ ಭುಜ.
"ಎಳೆ. ಹಿಡಿದು ಹತ್ತು ಎಣಿಸು."
ನಾಲ್ಕಕ್ಕೆ ಮೊಣಕೈ ನಡುಗಿತು,
ಐದರಿಂದ ನೇರ ಒಂಬತ್ತಕ್ಕೆ ಹಾರಿದೆ.

ಅವನು ಮಾತಾಡದೆ ಅದನ್ನು ಗೂಟಕ್ಕೆ ತೂಗಿಹಾಕಿ
ಮೂಲೆಯಿಂದ ಇನ್ನೊಂದು ತೆಗೆದ. ಯೂ ಮರದ್ದು:
ಹೊಟ್ಟೆಗೆ ಕೆಂಪು ತಿರುಳು, ಬೆನ್ನಿಗೆ ಬಿಳಿ ಹೊರಮರ,
ಅದುಮಿದರೆ ತಾಳುವುದು ಒಂದು, ಜಗ್ಗಿದರೆ ಇನ್ನೊಂದು,
ಒಂದೇ ಕೊಂಬೆಯಲ್ಲಿ ಹುಟ್ಟಿದ ಜಗಳ.
ನಡುವೆ ಗಂಟು. ಅದರ ಸುತ್ತ
ಉಳಿ ತಾಗಿಸದೆ ದಪ್ಪಗೆ ಬಿಟ್ಟಿದ್ದ.
"ಮೂವತ್ತೆರಡು ಪೌಂಡು. ಮುನಿಸಿಕೊಳ್ಳಬೇಡ, ಮೆರೇರಿದ್."
ಮುನಿಸಿಕೊಂಡೇ ದುಡ್ಡು ಎಣಿಸಿದೆ.

ಕುರಿಗಳನ್ನು ಆಚೆಗಟ್ಟಿದ ಇಳಿಜಾರು.
ಹಿಡಿಗೂ ಹೆದೆಗೂ ನಡುವೆ ಒಂದು ಮುಷ್ಟಿ, ನೆಟ್ಟ ಹೆಬ್ಬೆರಳು.
ಬೇರೆ ಬಣ್ಣದ ಗರಿ ಹೊರಕ್ಕೆ.
ಮೊದಲ ಬಾಣ ಎಡಕ್ಕೆ. ಎರಡನೆಯದೂ.
ಮೂರನೆಯದು ಹುಲ್ಲಿನೊಳಗೆ ಹಾವಿನಂತೆ ನುಸುಳಿ
ಈವರೆಗೂ ಸಿಕ್ಕಿಲ್ಲ.

"ಬಾಣದ ತುದಿ ನೋಡುತ್ತಿದ್ದೀಯ.
ಬಸ್ಸಿನಲ್ಲಿ ಸ್ಟಿಯರಿಂಗ್ ನೋಡುತ್ತಿದ್ದೆಯಾ?"

ಇಲ್ಲ. ತಿರುವು ಮುಗಿಯುವ ಕಡೆ ನೋಡುತ್ತಿದ್ದೆ,
ಕೈಗಳು ತಾವೇ ಹಿಂದೆ ಬರುತ್ತಿದ್ದವು.

ಹುಲ್ಲುಚಾಪೆಯ ಮೇಲೊಂದು ದಂಟು, ಅಡ್ಡ ಮುರಿದದ್ದು.
ಬರೀ ಅದನ್ನೇ.
ತೋರುಬೆರಳು ತುಟಿಯ ಮೂಲೆಗೆ ತಾಗಿತು.
ನಾನು ಬಿಟ್ಟೆನೋ, ಬೆರಳುಗಳೇ ಮರೆತವೋ,
ದಂಟಿಗಿಂತ ಎರಡಂಗುಲ ಕೆಳಗೆ, ಠಪ್.

ಹಿಗ್ಗಿ ತಿರುಗಿದರೆ ಇದ್ವಾಲ್ ಮೋಡ ನೋಡುತ್ತಿದ್ದಾನೆ.
"ಹೆದೆ ಇಳಿಸು ಮೊದಲು.
ಬಾಗಿಯೇ ಇದ್ದರೆ ಮರಕ್ಕೆ
ನೆಟ್ಟಗಾಗುವುದು ಮರೆತುಹೋಗುತ್ತದೆ."

ಇಳಿಸಿದೆ.
ಭುಜ ನೋಯುತ್ತಿತ್ತು. ಹೇಳಲಿಲ್ಲ.