ಹಿಡಿಕೆ

ಲಾಂಗ್ಟನ್ನಿನ ಈ ಶಾಲೆಯಲ್ಲಿ ಗುರುವಾರ ಮಧ್ಯಾಹ್ನ
ಸಿಂಕು ಕಟ್ಟಿಕೊಳ್ಳುತ್ತದೆ.
ಅದು ಗೊತ್ತಿದ್ದೇ ರಿಪೇರಿಯ ಕ್ಲೈವ್
ಬುಧವಾರದಿಂದಲೇ ಮುಖ ಗಂಟು ಹಾಕಿಕೊಂಡಿರುತ್ತಾನೆ.

ನಾನು ಸಹಾಯಕಿ. ಏಪ್ರನ್ ಕಟ್ಟುವುದು, ಮೂಗು ಒರೆಸುವುದು,
ಮಣ್ಣಿನ ಮುದ್ದೆಯನ್ನು ತಂತಿಯಿಂದ
ಗಿಣ್ಣು ಕೊಯ್ದಂತೆ ಕೊಯ್ದು ಮೂವತ್ತು ಪಾಲು ಮಾಡುವುದು,
ಇಷ್ಟೇ ನನ್ನ ವಿದ್ಯೆ.
ಕಲಿಸುವವರು ಮೇವಿಸ್ ಬ್ಲೋರ್. ಎಪ್ಪತ್ತೊಂಬತ್ತು ವರ್ಷ.
ಸಂಬಳವಿಲ್ಲ; ಎರಡು ಬಿಸ್ಕತ್ತು, ಒಂದು ಟೀ.

ಕಿಟಕಿಯಾಚೆ ಬಾಟಲಿಯಂಥ ಹಳೆಯ ಇಟ್ಟಿಗೆ ಆವಿಗೆ.
ಹೊಗೆ ನಿಂತು ಅರವತ್ತು ವರ್ಷ. ಈಗ ಪಾರಿವಾಳ.
ಅದರ ಪಕ್ಕದ ಕಾರ್ಖಾನೆಯಲ್ಲಿ ಮೇವಿಸ್
ನಲವತ್ತೊಂದು ವರ್ಷ ಕಪ್ಪಿಗೆ ಹಿಡಿಕೆ ಅಂಟಿಸಿದರು.
ಬರೀ ಹಿಡಿಕೆ.
ಕಪ್ ಮಾಡಿದವರು ಬೇರೆ, ಹೂ ಬರೆದವರು ಬೇರೆ,
ಕುಡಿದವರಂತೂ ಬೇರೆಯೇ.
"ಒಂದು ಪೂರ್ತಿ ಕಪ್ ನಾನು ಮಾಡಿದ್ದು
ಈ ಮಕ್ಕಳ ಜೊತೆ ಕೂತ ಮೇಲೆ" ಅನ್ನುತ್ತಾರೆ,
ಬಿಸ್ಕತ್ತನ್ನು ಟೀಯಲ್ಲಿ ಮುಳುಗಿಸಿ
ಮುರಿದು ಬೀಳುವ ಒಂದು ಕ್ಷಣ ಮೊದಲು ಎತ್ತಿ.
ಅದೂ ಒಂದು ಕೈಗುಣ.

ನನ್ನ ಕೈಗೆ ನನ್ನ ಶಾಲೆ ಕೊಟ್ಟದ್ದು
ಬಳಪ, ಮತ್ತೆ ಬೆರಳ ಗಿಣ್ಣಿನ ಮೇಲೆ ಅಡ್ಡಪಟ್ಟಿಯ ಏಟು.
ಡ್ರಾಯಿಂಗ್ ಪಿರಿಯಡ್ಡು ಗಣಿತದ ಮೇಷ್ಟ್ರ ಪಾಲು.
ಕರಕುಶಲ ಎಂಬುದು ವೇಳಾಪಟ್ಟಿಯಲ್ಲಿ ಒಂದು ಪದ.
ಕಾಗುಣಿತ ಮಾತ್ರ ತಪ್ಪಿರಲಿಲ್ಲ.

ಇಡ್ರಿಸ್‌ಗೆ ಎಂಟು. ಓದುವಾಗ ಸಾಲು ತಪ್ಪುತ್ತದೆ,
ಸಾಲಿನಲ್ಲಿ ನಿಲ್ಲಿಸಿದರೆ ಅವನೇ ತಪ್ಪುತ್ತಾನೆ.
ಮಣ್ಣು ಕೊಟ್ಟ ಮೊದಲ ದಿನ ಮೇಜಿಗೆ ಬಡಿದ, ಬಡಿದ,
ಒಗೆಯೋ ಕಲ್ಲಿಗೆ ಕಂಬಳಿ ಬಡಿದ ಹಾಗೆ.
ತಡೆಯಲು ಎದ್ದೆ.
"ಬಿಡು, ಗಾಳಿ ಹೋಗಬೇಕು" ಅಂದರು ಮೇವಿಸ್,
"ಒಳಗೆ ಉಳಿದರೆ ಆವಿಗೆಯಲ್ಲಿ ಸಿಡಿಯುತ್ತೆ."
ಮಣ್ಣಿನ ಮಾತು ಅಂತಲೇ ತಿಳಿದೆ ಆಗ.

"ನುಣುಪಿಗೆ ನುಣುಪು ಅಂಟಲ್ಲ, ಮಕ್ಕಳೇ.
ಇಲ್ಲಿ ಗೀರು, ಅಲ್ಲೂ ಗೀರು, ಕೆಸರು ಬಳಿ, ಆಮೇಲೆ ಒತ್ತು."
ಇಪ್ಪತ್ತೊಂಬತ್ತು ಜನ ಗೀರಿದರು.
ಅಷ್ಟು ಹೊತ್ತು ಸವರಿ ನುಣುಪಾಗಿಸಿದ ಕಪ್ಪಿಗೆ
ಫೋರ್ಕಿನಿಂದ ಗಾಯ ಮಾಡಲು ಇಡ್ರಿಸ್ ಒಪ್ಪಲಿಲ್ಲ.
ಒತ್ತಿದ. ಅಂಟಿದ ಹಾಗೆ ಕಂಡಿತು.

ಆವಿಗೆ ತೆರೆದ ದಿನ
ಕಪ್ ಒಂದು ಕಡೆ, ಹಿಡಿಕೆ ಒಂದು ಕಡೆ.
ಅಳುತ್ತಾನೆ ಅಂತ ಟಿಶ್ಯೂ ತೆಗೆದಿಟ್ಟುಕೊಂಡೆ.
ಅವನು ಹಿಡಿಕೆಯನ್ನು ಕಿವಿಗೆ ಇಟ್ಟು ನೋಡಿದ,
ಮೂಗಿಗೆ ಇಟ್ಟು ನೋಡಿದ, ಜೇಬಿಗೆ ಹಾಕಿಕೊಂಡ.
ಯಾರೂ ಏನೂ ಹೇಳಲಿಲ್ಲ. ಮೇವಿಸ್ ಕೂಡ.

ಮುಂದಿನ ಗುರುವಾರ
ಫೋರ್ಕ್ ಎತ್ತಿಕೊಂಡು ಅವನು ಗೀರಿದ ರೀತಿ!
ನಾಲಿಗೆಯ ತುದಿ ಹೊರಚಾಚಿ, ಆಳವಾಗಿ,
ಉತ್ತ ಹೊಲದ ಹಾಗೆ, ಸಾಲಿಗೆ ಸಾಲು,
ಒಂದೂ ತಪ್ಪದೆ.

ಕೈ ಕೆಸರಾದರೆ ಬಾಯಿ ಮೊಸರು, ಅಂದೆ ಕನ್ನಡದಲ್ಲೇ.
ಹಾಗೆಂದರೇನು ಅಂದ. ಹೇಳಿದೆ.
"ನನಗೆ ಮೊಸರು ಸೇರಲ್ಲ" ಅಂದ. "ಕೆಸರು ಸಾಕು."

ಸಂಜೆ ಆಫೀಸಿನಲ್ಲಿ ಕೂತು ನಮೂನೆ ತುಂಬಬೇಕಿತ್ತು;
ಮುಂದಿನ ವರ್ಷ ಆವಿಗೆಗೆ ಕರೆಂಟು ಕೊಡುವುದೋ ಬಿಡುವುದೋ
ಅದರಲ್ಲಿ ತೀರ್ಮಾನ.
ಕಲಿಕೆಯ ಫಲ: ಒಂದರಿಂದ ಐದರೊಳಗೆ.
"ಇಡ್ರಿಸ್ ಈ ವಾರ ಗೀರಿದ" ಎಂದು ಬರೆದೆ.
ಚೌಕ ಕೆಂಪಗಾಯಿತು. ಅಂಕೆ ಮಾತ್ರ, ಅಂತು.
ಅಳಿಸಿದೆ. ಐದು ಹಾಕಿದೆ. ಎಲ್ಲರಿಗೂ ಐದು.
ಸುಳ್ಳೇನಲ್ಲ. ಕೈಗೆ ಇರುವ ಬೆರಳು ಅಷ್ಟೇ ತಾನೆ.

ಅತ್ತ ಮಣ್ಣಿನ ಕೋಣೆಯಲ್ಲಿ ಕ್ಲೈವ್
ಸಿಂಕಿನ ಕೆಳಗೆ ಮಲಗಿ ಪೈಪು ಬಿಚ್ಚಿ ಬೈಯುತ್ತಿದ್ದ.
ಬಕೆಟ್ಟಿಗೆ ಸುರಿಯಿತು ಬೂದು ಕೆಸರು, ಒಂದು ಗುಂಡಿ,
ಯಾರದೋ ಹಾಲುಹಲ್ಲು.
ಚೆಲ್ಲಲು ಎದ್ದವನನ್ನು ಮೇವಿಸ್ ತಡೆದರು:
"ಒಣಗಿಸಿದರೆ ಮತ್ತೆ ಮಣ್ಣೇ ಕಣೋ ಅದು."

ಬೈಯುತ್ತಲೇ ಅವನು
ಬಕೆಟ್ಟನ್ನು ಹೀಟರಿನ ಪಕ್ಕಕ್ಕೆ ಸರಿಸಿದ.